ಬೇವಿನ ಮರದ ಒಂಬತ್ತು ಗೆರೆ

ಅವರ ಕೈಬೆರಳುಗಳ ತುದಿ ಮಗುವಿನ ಬೆರಳಿನಷ್ಟು ಮೆತ್ತಗಿದ್ದವು. ಪುಣೆ ಹತ್ತಿರದ ಭೋಸರಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ದುಡಿದ ಮನುಷ್ಯನ ಕೈ ಅಂದರೆ ಯಾರೂ ನಂಬುತ್ತಿರಲಿಲ್ಲ. ಸಾಲುಮನೆಗಳ ನಮ್ಮ ಚಾಳಿನ ಉಳಿದ ಗಂಡಸರ ಕೈಯಲ್ಲಿ ಎಣ್ಣೆಯ ಕಪ್ಪು ಇಳಿದು ಕೂತಿತ್ತು. ನಮ್ಮಪ್ಪನ ಅಂಗೈ ತುಂಬ ವೆಲ್ಡಿಂಗ್ ಕಿಡಿ ಬಿದ್ದ ಚುಕ್ಕೆಗಳು. ಅವರು ಮಾತ್ರ ಉಗುರು ಒಪ್ಪವಾಗಿ ಕತ್ತರಿಸಿ, ಕೈ ತೊಳೆದು ಒರೆಸಿ, ಮಡಿಯಲ್ಲಿ ಇದ್ದವರ ಹಾಗೆ ಎರಡು ಕೈಗಳನ್ನೂ ಮೈಯಿಂದ ತುಸು ದೂರ ಹಿಡಿದು ನಡೆಯುತ್ತಿದ್ದರು. ನಾವು ಅವರನ್ನು ಕಾಕಾ ಅನ್ನುತ್ತಿದ್ದೆವು. ರಕ್ತಸಂಬಂಧ ಏನೂ ಇರಲಿಲ್ಲ. ನಮ್ಮ ಹಾಗೆಯೇ ಬೆಳಗಾವಿ ಕಡೆಯಿಂದ ಬಂದವರು, ಅಂಗಳದ ಆಚೆ ಬದಿಯ ಎರಡು ಕೋಣೆಯಲ್ಲಿ ಒಬ್ಬರೇ ಇದ್ದರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ.

ಅವರ ಕೆಲಸ ಅಳತೆಯ ಕೋಣೆಯಲ್ಲಿ. ಕಾರ್ಖಾನೆಯಲ್ಲಿ ಅಳೆಯುವ ಸಾಮಾನು ಎಷ್ಟಿವೆಯೋ ಅಷ್ಟೂ ಆಗಾಗ ಆ ಕೋಣೆಗೆ ಬರಬೇಕು; ಅವು ನಿಜ ಹೇಳುತ್ತಿವೆಯೋ ಸುಳ್ಳು ಹೇಳುತ್ತಿವೆಯೋ ಅಂತ ಕಾಕಾ ನೋಡಬೇಕು. ಉಕ್ಕು ಬಿಸಿಗೆ ಬೆಳೆಯುತ್ತದೆ, ತಂಪಿಗೆ ಕುಗ್ಗುತ್ತದೆ. ಹಾಗಾಗಿ ಆ ಕೋಣೆ ವರ್ಷವಿಡೀ ಇಪ್ಪತ್ತು ಡಿಗ್ರಿ. ಮೇ ತಿಂಗಳಲ್ಲಿ ಭೋಸರಿಗೆ ಭೋಸರಿಯೇ ಬೆವರುತ್ತಿದ್ದಾಗ ಅವರು ಚೀಲದಲ್ಲಿ ಉಣ್ಣೆಯ ಸ್ವೆಟರ್ ಇಟ್ಟುಕೊಂಡು ಶಿಫ್ಟಿಗೆ ಹೊರಡುತ್ತಿದ್ದರು, ಹುಡುಗರು ನಕ್ಕಿದ್ದೇ ನಕ್ಕಿದ್ದು. ಹೊರಗಿನಿಂದ ಬಂದ ತುಂಡನ್ನು ಅವರು ತಕ್ಷಣ ಅಳೆಯುತ್ತಿರಲಿಲ್ಲವಂತೆ. ತಾಸುಗಟ್ಟಲೆ ಮೇಜಿನ ಮೇಲೆ ಇಟ್ಟು ಕಾಯುತ್ತಿದ್ದರು. "ಅದೂ ಕೋಣಿನೂ ಒಂದಾಗಬೇಕು. ಆಮ್ಯಾಲ ಮಾತು" ಅನ್ನುತ್ತಿದ್ದರು. ಕಾರ್ಖಾನೆಯ ಮ್ಯಾನೇಜರ್ ಬಂದು ಅವಸರ ಮಾಡಿದರೂ ಅದೇ ಉತ್ತರ.

ನನಗೆ ಅವರ ಮೊದಲ ನೆನಪು ಒಂದು ಪರೀಕ್ಷೆಯದು. ನಾನು ಎಂಟನೆಯ ತರಗತಿಯಲ್ಲಿದ್ದೆ. ಕಾಕಾ ಕನ್ನಡಿಯಂತೆ ಹೊಳೆಯುವ ಒಂದು ಉಕ್ಕಿನ ತುಂಡು ಕೊಟ್ಟು, "ಹಿಡಕೊಂಡು ಕೂಡು" ಅಂದರು. ಐದು ನಿಮಿಷ ಹಿಡಿದೆ. ಮರುದಿನ ತೋರಿಸಿದರು: ನನ್ನ ಹೆಬ್ಬೆರಳಿನ ಗುರುತು ತುಕ್ಕಾಗಿ ಅದರ ಮೇಲೆ ಮೂಡಿತ್ತು. ಕೆಲವರ ಬೆವರೇ ಹಾಗಂತೆ, ಮುಟ್ಟಿದ ಉಕ್ಕು ಕೆಡುತ್ತದೆ. ಅಂಥವರನ್ನು ಅಳತೆಯ ಕೋಣೆಯೊಳಗೆ ಬಿಡುವುದಿಲ್ಲ. ನನಗೆ ಅಳು ಬಂತು. ಅವರು ಸಮಾಧಾನ ಮಾಡುವ ಜಾತಿಯವರಲ್ಲ. "ಅಳಾಕೇನಾತು? ನಿನ್ನ ಕೈ ಇಂಥಾದು ಅಂತ ಗೊತ್ತಾತಲ್ಲ. ಕೈಗವಸ ಹಾಕ್ಕೊ" ಅಂದು ಒಂದು ಜೊತೆ ಬಿಳಿ ಹತ್ತಿಯ ಗವಸು ಕೊಟ್ಟರು.

ಅವರಿಗೆ ಒಂದು ಕೆಟ್ಟ ಚಟವಿತ್ತು. ಯಾರು ಏನೇ ಹೇಳಲಿ, "ಎಷ್ಟು?" ಅನ್ನುವರು. ಇವತ್ತು ಭಾಳ ಚಳಿ ಅಂದರೆ ಎಷ್ಟು. ಬಸ್ಸು ತಡ ಆಯಿತು ಅಂದರೆ ಎಷ್ಟು. ನಮ್ಮವ್ವ ಸಾರಿಗೆ ಉಪ್ಪು ಸ್ವಲ್ಪ ಜಾಸ್ತಿಯಾಗಿದೆ ಎಂದು ಮೊದಲೇ ಹೇಳಿಟ್ಟು ಬಡಿಸಿದರೂ, "ಎಷ್ಟು, ವೈನೀ?" ಜನ ತಲೆ ಚಚ್ಚಿಕೊಳ್ಳುತ್ತಿದ್ದರು. ನಾನು ಮಾತ್ರ ಆ ಪ್ರಶ್ನೆಗೆ ಸಿಕ್ಕಿಬಿದ್ದೆ. ಹತ್ತನೆಯ ತರಗತಿ ಮುಗಿಯುವಷ್ಟರಲ್ಲಿ ನನಗೆ ವಿಜ್ಞಾನವೇ ಬೇಕು, ಬೇರೇನೂ ಬೇಡ ಎಂದಾಗಿತ್ತು. ವಿಜ್ಞಾನದವರು ಬೆಳಿಗ್ಗೆ ಎದ್ದು ಏನು ಮಾಡುತ್ತಾರೆ, ಅವರಿಗೆ ಸಂಬಳ ಯಾರು ಕೊಡುತ್ತಾರೆ ಎಂಬುದು ನನಗಾಗಲಿ ನಮ್ಮ ಮನೆಯವರಿಗಾಗಲಿ ಗೊತ್ತಿರಲಿಲ್ಲ.

ಕಾಕಾರಿಗೂ ಗೊತ್ತಿರಲಿಲ್ಲ. ಅವರು ಓದಿದ್ದು ಐಟಿಐ. ಆದರೆ ಗೊತ್ತಿಲ್ಲದ್ದನ್ನು ತಿಳಿದುಕೊಳ್ಳುವುದು ಹೇಗೆ ಎಂಬುದು ಗೊತ್ತಿತ್ತು. "ತಿಳಿದೋರಿಗೆ ಪತ್ರ ಬರಿ" ಅಂದರು. ನಾನು ಒಂದು ಪುಟ ಬರೆದು ತೋರಿಸಿದೆ. ಓದಿ ಹಿಂದಕ್ಕೆ ಕೊಟ್ಟರು. "ನನಗೆ ವಿಜ್ಞಾನದಾಗ ಆಸಕ್ತಿ ಅಂತ ಬರದಿ. ಇದಕ್ಕ ಅವರು ಏನಂತ ಉತ್ತರ ಕೊಡಬೇಕು? ಉತ್ತರ ಕೊಡಾಕ ಬರೂವಂಥ ಪ್ರಶ್ನಿ ಕೇಳು." ಅಂಥ ಪ್ರಶ್ನೆ ಹುಡುಕಲು ನನಗೆ ಎರಡು ತಿಂಗಳು ಹಿಡಿಯಿತು. ಜ್ಯೂನಿಯರ್ ಕಾಲೇಜಿನ ಗ್ರಂಥಾಲಯದ ಪುಸ್ತಕವೊಂದರಲ್ಲಿ ಒಂದೇ ಒಂದು ಸಾಲು ಸಿಕ್ಕಿತು: ಮರದ ಕಾಂಡ ಹಗಲಿನಲ್ಲಿ ಕುಗ್ಗುತ್ತದೆ, ರಾತ್ರಿ ಮತ್ತೆ ಉಬ್ಬುತ್ತದೆ, ಎಲೆಗಳಿಂದ ನೀರು ಆವಿಯಾಗಿ ಹೋಗುವ ವೇಗಕ್ಕೆ ಬೇರು ನೀರೆಳೆಯಲಾರದ್ದೇ ಇದಕ್ಕೆ ಕಾರಣ. ಓಡಿ ಬಂದು ಕಾಕಾರಿಗೆ ಹೇಳಿದೆ. ಅವರು ಏನು ಕೇಳಿದರು ಅಂತ ಬೇರೆ ಹೇಳಬೇಕಾಗಿಲ್ಲ.

ನಮ್ಮ ಅಂಗಳದಲ್ಲಿ ಒಂದು ಬೇವಿನ ಮರ ಇತ್ತು. ಅದನ್ನೇ ಅಳೆಯುವುದೆಂದಾಯಿತು.

ಆಗ ನಾನು ಹನ್ನೆರಡನೆಯ ತರಗತಿ. ಪುಣೆಯ ಒಂದು ದೊಡ್ಡ ಸಂಶೋಧನಾ ಸಂಸ್ಥೆ ಆ ವರ್ಷ ಜ್ಯೂನಿಯರ್ ಕಾಲೇಜಿನ ಇಪ್ಪತ್ತು ಮಕ್ಕಳನ್ನು ಆರಿಸುವುದಿತ್ತು. ಸ್ವಂತವಾಗಿ ಏನಾದರೂ ಅಳೆದು ವರದಿ ಕಳಿಸಬೇಕು, ಸಂದರ್ಶನಕ್ಕೆ ಹೋಗಬೇಕು. ಆಯ್ಕೆಯಾದರೆ ಬಿ.ಎಸ್ಸಿ. ಓದಿಗೆ ವಿದ್ಯಾರ್ಥಿವೇತನ, ಜೊತೆಗೆ ಆ ಸಂಸ್ಥೆಯ ಪ್ರಯೋಗಾಲಯದಲ್ಲಿ ಕೆಲಸ ಕಲಿಯುವ ಅವಕಾಶ. ಅಪ್ಪನ ಯೋಚನೆ ಬೇರೆ ಇತ್ತು. ಡಿಪ್ಲೊಮಾ ಮಾಡಿಸಿ, ಭೋಸರಿಯಲ್ಲೇ ಎಲ್ಲಾದರೂ ಡ್ರಾಯಿಂಗ್ ಆಫೀಸಿನಲ್ಲಿ ಕೂರಿಸುವುದು. ಜಗಳ ಆಗಿ ಆಗಿ ಕೊನೆಗೆ ಒಂದು ಮಾತಾಯಿತು. "ಆ ಪಟ್ಟಿಯೊಳಗ ಹೆಸರು ಬಂದ್ರ ಬಿ.ಎಸ್ಸಿ. ಬರಲಿಲ್ಲಂದ್ರ ಡಿಪ್ಲೊಮಾ. ಆಮ್ಯಾಲ ಅತ್ತು ಕರದು ಮಾಡಬಾರದು" ಅಂದ ಅಪ್ಪ. ನಾನು ಒಪ್ಪಿದೆ. ಒಪ್ಪದೆ ಇನ್ನೇನು ಮಾಡುವುದಿತ್ತು?

ಕಾಕಾ ತಮ್ಮ ಸ್ವಂತದ ಒಂದು ಹಳೆಯ ಡಯಲ್ ಗೇಜ್ ಕೊಟ್ಟರು. ನೋಡಲು ಗಡಿಯಾರದ ಹಾಗೇ ಇರುತ್ತದೆ. ಕೆಳಗೆ ಒಂದು ಕಡ್ಡಿ, ಮೇಲೆ ಒಂದು ಮುಳ್ಳು. ಕಡ್ಡಿ ಒಳಕ್ಕೆ ಹೋದರೆ ಮುಳ್ಳು ಮುಂದೆ, ಹೊರಕ್ಕೆ ಬಂದರೆ ಹಿಂದೆ. ಮುಳ್ಳು ಒಂದು ಗೆರೆ ಸರಿಯಿತೆಂದರೆ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗ. ಅದನ್ನು ಮರಕ್ಕೆ ಹಿಡಿದು ನಿಲ್ಲಿಸಲು ಒಂದು ಚೌಕಟ್ಟು ಬೇಕಿತ್ತು. ಅಪ್ಪ ಮೊದಲು ಕೇಳಿಸಿಕೊಳ್ಳದವನ ಹಾಗೆ ಇದ್ದ. ಆಮೇಲೆ ಒಂದು ಸಂಜೆ ಟೇಪು ತಂದು ಮರದ ಸುತ್ತಳತೆ ತೆಗೆದ. ನಾಲ್ಕನೆಯ ದಿನ ಕಬ್ಬಿಣದ ಪಟ್ಟಿಯ ಚೌಕಟ್ಟು ತಯಾರು. ಬೆಸುಗೆಗಳನ್ನು ಉಜ್ಜಿ ನುಣುಪು ಮಾಡಿದ್ದ. ಅವನು ಕೆಲಸಕ್ಕಿದ್ದ ವೆಲ್ಡಿಂಗ್ ಶೆಡ್ಡಿನಲ್ಲಿ ಮಾಡಿದ ಪ್ರತಿಯೊಂದಕ್ಕೂ ಬಳಿಯುವಂತೆ ಇದಕ್ಕೂ ಎರಡು ಕೋಟು ಕಪ್ಪು ಬಣ್ಣ ಬಳಿದಿದ್ದ. ನನ್ನ ಓದಿನ ವಿಷಯದಲ್ಲಿ ಅಪ್ಪ ಕೈ ಹಾಕಿದ್ದು ಅದೇ ಮೊದಲು. ನಾನು ಆ ಬಣ್ಣದ ಮೇಲೆ ಕೈಯಾಡಿಸಿ ಆಡಿಸಿ ನೋಡಿದ್ದೆ.

ಚೌಕಟ್ಟು ಮೂರು ಕಡೆಯಿಂದ ಕಾಂಡವನ್ನು ಅಪ್ಪಿ ಹಿಡಿದಿತ್ತು. ತೆರೆದ ಬದಿಯಲ್ಲಿ ಡಯಲ್ ಗೇಜ್, ಅದರ ಕಡ್ಡಿಯ ತುದಿ ತೊಗಟೆಗೆ ತಾಗಿ. ದೀಪಾವಳಿ ಮುಗಿದ ಮೇಲೆ ಶುರು ಮಾಡಿದೆವು. ಬೆಳಿಗ್ಗೆ ಆರರಿಂದ ಎರಡೆರಡು ತಾಸಿಗೊಮ್ಮೆ ಮುಳ್ಳು ಎಲ್ಲಿದೆ ಅಂತ ನೋಡಿ ಬರೆಯಬೇಕು. ಪೆನ್ನಿನಿಂದಲೇ ಬರೆಯಬೇಕು, ತಪ್ಪಿದರೆ ಒಂದೇ ಅಡ್ಡಗೆರೆ, ಕೆಳಗಿನ ಅಂಕಿ ಕಾಣುತ್ತಿರಬೇಕು. ನಾನು ಕಾಲೇಜಿಗೆ ಹೋದಾಗ ಅವ್ವ ನೋಡುತ್ತಿದ್ದಳು. ಅವ್ವ ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು. "ನಲವತ್ತೆರಡು, ಮತ್ತ ಒಂದು ಕೂದಲೆಳಿ" ಅಂತ ನೆನಪಿಟ್ಟುಕೊಂಡು ನನಗೆ ಒಪ್ಪಿಸುತ್ತಿದ್ದಳು. ಕಾಕಾ ಅದನ್ನು ಕೇಳಿ, ಕೂದಲೆಳೆ ಅಂದರೆ ಗೆರೆಯ ಎಷ್ಟನೆಯ ಪಾಲು ಅಂತ ಅವ್ವನನ್ನು ಕೂರಿಸಿಕೊಂಡು ಚರ್ಚೆ ಮಾಡಿ, ಅರ್ಧ ಅಂತ ತೀರ್ಮಾನಿಸಿದರು. ಇಷ್ಟರಲ್ಲಿ ನಾನು ನಾಲ್ವರು ವಿಜ್ಞಾನಿಗಳಿಗೆ ಬರೆದ ಪತ್ರಗಳಲ್ಲಿ ಒಂದಕ್ಕೆ ಎರಡು ಸಾಲಿನ ಉತ್ತರವೂ ಬಂತು. ಒಣಗಿದ ತೊಗಟೆ ಕೆರೆದು ತೆಗೆ, ಮೋಡವಿದ್ದ ದಿನ ಪ್ರತ್ಯೇಕ ಗುರುತು ಹಾಕು ಅಂತ. ಅದನ್ನು ಮಡಿಸಿ ಅಂಕಿ ಬರೆಯುವ ವಹಿಯಲ್ಲಿ ಇಟ್ಟುಕೊಂಡಿದ್ದೆ.

ನಾಲ್ಕು ವಾರದ ಅಂಕಿಗಳನ್ನು ನಕ್ಷೆ ಮಾಡಿದಾಗ ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಬೆಳಿಗ್ಗೆ ಮೇಲೆ, ಮಧ್ಯಾಹ್ನ ಎರಡಕ್ಕೆ ಕೆಳಗೆ, ಸಂಜೆ ಮತ್ತೆ ಮೇಲೆ. ದಿನಾ ಹಾಗೇ. ಬಿಸಿಲಿದ್ದ ದಿನ ಒಂಬತ್ತು ಗೆರೆ ಇಳಿಯುತ್ತಿತ್ತು, ಮೋಡವಿದ್ದ ದಿನ ಎರಡು ಮೂರು. ಪುಸ್ತಕದಲ್ಲಿ ಏನಿತ್ತೋ ಅದೇ ನಮ್ಮ ಬೇವಿನ ಮರದಲ್ಲಿ. ಕಾಲೇಜಿನ ಜೀವಶಾಸ್ತ್ರದ ಮಾಸ್ತರರು ನಕ್ಷೆಯನ್ನು ಎಲ್ಲ ವರ್ಗಗಳಿಗೂ ತೋರಿಸಿದರು. ವರದಿ ಹೋಯಿತು. ಜನವರಿಯ ಒಂದು ಶನಿವಾರ ಸಂದರ್ಶನಕ್ಕೆ ಬಾ ಅಂತ ಕರೆ ಬಂತು. ಅಪ್ಪ ಚಾಳಿನ ಎಲ್ಲರಿಗೂ ಚಹಾ ಕುಡಿಸಿದ.

ಕಾಕಾ ಮಾತ್ರ, "ಅಂಕಿ ತಗೊಳ್ಳೂದು ನಿಲ್ಲಸಬ್ಯಾಡ. ಹೋಗೂ ತನಕ ನಡೀಲಿ" ಅಂದಿದ್ದರು.

ಭೋಸರಿಯ ನಮ್ಮ ಕಡೆಯ ಕಾರ್ಖಾನೆಗಳಿಗೆ ಗುರುವಾರ ವಾರದ ರಜೆ. ಕಾಕಾ ಗುರುವಾರ ತಪ್ಪದೆ ದೇಹೂ ರೋಡಿನ ತಮ್ಮ ಅಕ್ಕನ ಮನೆಗೆ ಹೋಗಿ ಸಂಜೆ ಬರುತ್ತಿದ್ದರು. ಉಳಿದ ದಿನ ಬೆಳಿಗ್ಗೆ ಆರೂವರೆಗೇ ಕೆಲಸಕ್ಕೆ. ಹಾಗಾಗಿ ಇಷ್ಟು ದಿನವೂ ಅವರು ನಮ್ಮ ಚೌಕಟ್ಟನ್ನು ನೋಡಿದ್ದು ಮುಂಜಾವಿನಲ್ಲಿ ಅಥವಾ ಸಂಜೆ. ಸಂದರ್ಶನಕ್ಕೆ ಎರಡು ದಿನ ಇರುವಾಗಿನ ಆ ಗುರುವಾರ ನೆಗಡಿ ಅಂತ ಅವರು ಅಕ್ಕನ ಮನೆಗೆ ಹೋಗಲಿಲ್ಲ. ಮಧ್ಯಾಹ್ನ ಎರಡಕ್ಕೆ ನಾನು ಕಾಲೇಜಿನಿಂದ ಬಂದು ವಹಿ ಹಿಡಿದು ಮರದ ಹತ್ತಿರ ನಿಂತಿದ್ದೆ. ಅವರು ಬಂದು ಮುಳ್ಳು ನೋಡಿದರು. ಆಮೇಲೆ ಸುಮ್ಮನೆ ಚೌಕಟ್ಟಿನ ಮೇಲೆ ಅಂಗೈ ಇಟ್ಟರು. ಸುಟ್ಟವರ ಹಾಗೆ ಕೈ ಹಿಂದಕ್ಕೆ ಎಳೆದುಕೊಂಡರು.

ಅವರ ಮುಖದ ಬಣ್ಣ ಹೋದದ್ದನ್ನು ನಾನು ಕಂಡೆ. ಏನಾಯಿತು ಕಾಕಾ ಅಂದೆ. ಒಳಗೆ ಹೋಗಿ, ಸುಮಾರು ಹೊತ್ತಿನ ಮೇಲೆ ಛತ್ರಿ ತಂದರು. ಅದನ್ನು ಬಿಚ್ಚಿ, ನೆರಳು ಚೌಕಟ್ಟಿನ ಮೇಲೆ ಮಾತ್ರ ಬೀಳುವಂತೆ ಹಿಡಿದು ನಿಂತರು. ಮರದ ತಲೆಯ ಮೇಲೆ ಅದೇ ಬಿಸಿಲು, ಎಲೆಗಳ ಮೇಲೆ ಅದೇ ಗಾಳಿ. "ಮುಳ್ಳು ನೋಡ್ತಿರು. ಬರಕೋತ ಹೋಗು" ಅಂದರು. ಮುಳ್ಳು ಅಲುಗಿತು. ಐದು ನಿಮಿಷಕ್ಕೆ ಎರಡು ಗೆರೆ ಮೇಲೆ ಬಂತು. ಇಪ್ಪತ್ತು ನಿಮಿಷಕ್ಕೆ ಐದು ಗೆರೆ.

ನನಗೆ ತಿಳಿಯಲು ಹೊತ್ತು ಹಿಡಿಯಲಿಲ್ಲ. ತಿಳಿಯದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಛತ್ರಿ ಹಿಡಿದದ್ದು ಮರಕ್ಕಲ್ಲ. ಮರಕ್ಕೆ ನೀರು ಬಂದಿಲ್ಲ, ಅದು ಉಬ್ಬಲು ಕಾರಣವೇ ಇಲ್ಲ. ಬಿಸಿಲಿಗೆ ಕಾದ ಕಬ್ಬಿಣ ಬೆಳೆದು ಗೇಜನ್ನು ಮರದಿಂದ ದೂರ ಒಯ್ಯುತ್ತಿತ್ತು, ಮರ ಕುಗ್ಗಿದಂತೆ ಮುಳ್ಳು ತೋರಿಸುತ್ತಿತ್ತು. ಈಗ ನೆರಳಿಗೆ ಕಬ್ಬಿಣ ತಣ್ಣಗಾಗಿ ಹಿಂದಕ್ಕೆ ಬರುತ್ತಿದೆ. ಇಷ್ಟು ವಾರ ನಾನು ಬರೆದದ್ದು ಬೇವಿನ ಮರದ ಕಥೆಯಲ್ಲ, ಬಹುಪಾಲು ಅಪ್ಪನ ಚೌಕಟ್ಟಿನ ಕಥೆ. ಅದರಲ್ಲೂ ಆ ಕಪ್ಪು ಬಣ್ಣ ಬಿಸಿಲನ್ನು ಕುಡಿದು ಕೂತಿತ್ತು.

"ತಪ್ಪು ನಂದು" ಅಂದರು ಕಾಕಾ. "ಮೂವತ್ತು ವರ್ಷ ಇಪ್ಪತ್ತು ಡಿಗ್ರಿಯೊಳಗ ಕೂತೆ. ಹೊರಗ ಬಿಸಿಲು ಇರತದ ಅನ್ನೂದ ಮರತಬಿಟ್ಟೆ."

ಅಪ್ಪ ಆ ಹೊತ್ತಿಗೆ ಪೇಟೆಯಿಂದ ಬಂದ. ನನ್ನ ಮುಖ ನೋಡಿ, ಛತ್ರಿ ನೋಡಿ, ಏನೆಂದು ಕೇಳಿದ. ಕಾಕಾ ಹೇಳಿದರು. ಅಪ್ಪ ಚೌಕಟ್ಟನ್ನು ಮುಟ್ಟಿ ನೋಡಿದ.

"ಪುಸ್ತಕದಾಗ ಮರ ಕುಗ್ಗತದ ಅಂತ ಅದ?"

"ಅದ."

"ಅಕಿ ಬರದದ್ದೂ ಕುಗ್ಗತದ ಅಂತನ. ಹೌದಿಲ್ರಿ?"

"ಹೌದು."

"ಮತ್ತ ತಪ್ಪು ಎಲ್ಲಿ ಬಂತ್ರೀ ಅಣ್ಣಾರ?"

"ಉತ್ತರ ಸರಿ ಇದ್ದೀತು ತಮ್ಮಾ. ಅದನ್ನ ನಾವು ಅಳದಿಲ್ಲ."

ಅಪ್ಪನ ದನಿ ಇಳಿಯಿತು. ಅವನು ಸಿಟ್ಟಾದಾಗ ದನಿ ಏರುವುದಿಲ್ಲ. "ಶನಿವಾರ ಆದ ಮ್ಯಾಲ ಹೇಳಿದ್ರ ಏನು ಹೋಗ್ತಿತ್ರೀ ನಿಮ್ಮದು?"

ಕಾಕಾ ಛತ್ರಿ ಮಡಚಿ ನನ್ನ ಕಡೆ ನೋಡಿದರು. "ಅಲ್ಲಿ ಹೇಳೂದು ಬಿಡೂದು ತಂಗಿಗೆ ಬಿಟ್ಟದ್ದು. ಬೇಕಾದ್ರ ನಾನ ಅವರಿಗೆ ಬರಕೊಡತೀನಿ, ತಪ್ಪು ನಂದು ಅಂತ."

ಆಗ ನಾನು ಒಂದು ಮಾತು ಆಡಿದೆ. ಈಗಲೂ ಅದನ್ನು ಬರೆಯಲು ಕೈ ಹಿಂಜರಿಯುತ್ತದೆ. "ನಿಮಗೊಬ್ಬ ಮಗಳಿದ್ದಿದ್ರ ಅಕಿಗೆ ಹಿಂಗ ಮಾಡ್ತಿದ್ರೇನು ಕಾಕಾ?" ಅಂದೆ. ಅವ್ವ ನನ್ನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದಳು.

ಶುಕ್ರವಾರ ಕಾಲೇಜಿಗೆ ಹೋಗಲಿಲ್ಲ. ಅಂಗಳದಲ್ಲಿ ಸಿಮೆಂಟಿನ ಒಂದು ದೀಪದ ಕಂಬ ಇತ್ತು, ಸುತ್ತಳತೆ ಹೆಚ್ಚುಕಡಿಮೆ ಬೇವಿನ ಮರದಷ್ಟೇ. ಯಾರಿಗೂ ಹೇಳದೆ ಚೌಕಟ್ಟನ್ನು ಬಿಚ್ಚಿ ಅದಕ್ಕೆ ಕಟ್ಟಿದೆ. ಮುಳ್ಳು ಇದ್ದಲ್ಲೇ ಇರಲಿ, ಕಾಕಾ ಸುಳ್ಳಾಗಲಿ ಅಂತ ಕಂಡ ದೇವರಿಗೆಲ್ಲ ಬೇಡಿಕೊಂಡೆ. ಕಂಬ ನೀರು ಕುಡಿಯುವುದಿಲ್ಲ, ಅದಕ್ಕೆ ಎಲೆ ಇಲ್ಲ. ಎರಡು ಗಂಟೆಗೆ ಮುಳ್ಳು ಆರು ಗೆರೆ ಇಳಿದಿತ್ತು. ಮರದ ಒಂಬತ್ತರಲ್ಲಿ ಚೌಕಟ್ಟಿನದು ಆರಾದರೆ ಉಳಿದ ಮೂರು ಮರದ್ದೋ, ಗಾಳಿಯದೋ, ನನ್ನ ಕಣ್ಣಿನದೋ, ಯಾರು ಹೇಳಬೇಕು? ಆ ಆರನ್ನೂ ವಹಿಯಲ್ಲಿ ಬರೆದೆ. ಪೆನ್ನಿನಲ್ಲೇ ಬರೆದೆ. ಯಾರಿಗೆ ಸಿಟ್ಟು ತೋರಿಸಲು ಅಷ್ಟು ಒತ್ತಿ ಬರೆದೆನೋ, ಕೆಳಗಿನ ಹಾಳೆಯಲ್ಲೂ ಅಚ್ಚು ಬಿದ್ದಿತ್ತು.

ಶನಿವಾರ ಅಪ್ಪ ರಜೆ ಹಾಕಿ ಜೊತೆಗೆ ಬಂದ. ಇಸ್ತ್ರಿ ಮಾಡಿದ ಶರಟು ಹಾಕಿದ್ದ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಂದೇ ಮಾತು ಹೇಳಿದ: "ಕೇಳಿದ್ದಕ್ಕಷ್ಟ ಉತ್ತರ ಕೊಡು."

ಒಳಗೆ ಮೂವರಿದ್ದರು, ಇಬ್ಬರು ಗಂಡಸರು, ಒಬ್ಬ ಮೇಡಂ. ಮರಾಠಿ, ಇಂಗ್ಲಿಷ್ ಎರಡರಲ್ಲೂ ಮಾತಾಡಿದರು. ನಕ್ಷೆ ಅವರ ಮುಂದಿತ್ತು. ಚೌಕಟ್ಟು ಯಾರು ಮಾಡಿದ್ದು ಅಂದರು, ನಮ್ಮ ತಂದೆ ಅಂದೆ. ಒಳ್ಳೆಯ ಕೆಲಸ ಅಂದರು. ಮೋಡದ ದಿನ ಏಕೆ ಕಡಿಮೆ ಇಳಿದಿದೆ ಅಂದರು. ಪುಸ್ತಕದಲ್ಲಿ ಇದ್ದದ್ದನ್ನು ಹೇಳಿದೆ. ಹೇಳುವಾಗ ಮೋಡದ ದಿನ ಕಬ್ಬಿಣ ಕಾಯುವುದಿಲ್ಲ ಎಂಬುದೇ ತಲೆಯಲ್ಲಿ ಸುತ್ತುತ್ತಿತ್ತು. ಮೂವರೂ ತಲೆಯಾಡಿಸಿದರು. ಯಾರೂ ಚೌಕಟ್ಟಿನ ಬಿಸಿಯ ಬಗ್ಗೆ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆಯಿತು, ನೀನು ಹೋಗಬಹುದು ಅಂದರು. ಎದ್ದೆ. ಬಾಗಿಲ ತನಕ ಹೋದೆ. ಹಿಡಿಕೆ ತಿರುಗಿಸಿಯೂ ಆಗಿತ್ತು.

ಅಲ್ಲಿಂದ ತಿರುಗಿ ಬಂದು ಹೇಳಿದೆ. ಛತ್ರಿಯದೂ ಹೇಳಿದೆ, ಕಂಬದ್ದೂ ಹೇಳಿದೆ. ಶುಕ್ರವಾರದ ಪುಟ ತೆಗೆದು ಮುಂದಿಟ್ಟೆ.

ಮೇಡಂ ಆ ಪುಟವನ್ನು ಬಹಳ ಹೊತ್ತು ನೋಡಿದರು. "ಹಾಗಾದರೆ ನಿನ್ನ ಮರ ಎಷ್ಟು ಕುಗ್ಗಿತು?"

"ಗೊತ್ತಿಲ್ಲ, ಮೇಡಂ."

"ಮತ್ತೆ ನಮಗೆ ಏನು ತೋರಿಸಲು ಬಂದಿದ್ದೀ?"

ವಹಿ ಎತ್ತಿಕೊಂಡೆ. ಹೊರಗೆ ಬಂದೆ. ಅಪ್ಪ ಮುಖ ನೋಡಿಯೇ ತಿಳಿದುಕೊಂಡ. ಬಸ್ಸಿನಲ್ಲಿ ಅವನಿಗೆ ಕಂಬದ ವಿಷಯವನ್ನೂ ಹೇಳಿದೆ.

ತಿಂಗಳ ಕೊನೆಗೆ ಪಟ್ಟಿ ಬಂತು. ಇಪ್ಪತ್ತು ಹೆಸರುಗಳಲ್ಲಿ ನನ್ನದಿರಲಿಲ್ಲ. ನಿಜ ಹೇಳಿದವರಿಗೆ ಒಳ್ಳೆಯದಾಗುತ್ತದೆ ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದನ್ನು ನಾನು ಒಳಗೊಳಗೇ ನಂಬಿದ್ದೆ ಎಂಬುದು ನನಗೆ ಗೊತ್ತಾದದ್ದು ಆ ದಿನ. ಅಪ್ಪ ಡಿಪ್ಲೊಮಾದ ಮಾಹಿತಿ ಪುಸ್ತಕ ತಂದು ಟಿ.ವಿ. ಮೇಲೆ ಇಟ್ಟ. ಬೈಯಲಿಲ್ಲ. ಆದರೆ ಕಾಕಾರ ಜೊತೆ ಮಾತು ಬಿಟ್ಟ. ಅವರು ಅಂಗಳದಲ್ಲಿ ಎದುರಾದರೆ ಇವನು ಚಪ್ಪಲಿ ಹುಡುಕುತ್ತಿದ್ದ. ನಾನೂ ಮಾತು ಬಿಟ್ಟಿದ್ದೆ. ಕಾಕಾ ಬೆಳಿಗ್ಗೆ ಆರೂವರೆಗೆ ಸ್ವೆಟರಿನ ಚೀಲ ಹಿಡಿದು ಹೋಗುವುದು, ಸಂಜೆ ಬರುವುದು, ಬಾಗಿಲು ಹಾಕಿಕೊಳ್ಳುವುದು. ಅವ್ವ ಮಾತ್ರ ಸಾರು ಕಳಿಸುತ್ತಿದ್ದಳು. ಒಯ್ದು ಕೊಡಲು ನಾನು ಒಪ್ಪದೆ ಅವಳೇ ಹೋಗುತ್ತಿದ್ದಳು.

ಹೀಗೆ ಎರಡು ತಿಂಗಳು. ಬೋರ್ಡ್ ಪರೀಕ್ಷೆ ಮುಗಿಯಿತು. ಬೇವಿನ ಮರ ಹೊಸ ಎಲೆ ಬಿಟ್ಟಿತ್ತು.

ಒಂದು ಗುರುವಾರ ಬೆಳಿಗ್ಗೆ ಅಂಗಳದಲ್ಲಿ ಸದ್ದಾಯಿತು. ನೋಡಿದರೆ ಅಪ್ಪ ಎರಡು ಹೊಸ ಚೌಕಟ್ಟು ತಂದು ನೆಲದ ಮೇಲೆ ಇಟ್ಟಿದ್ದ. ಎರಡೂ ತದ್ರೂಪ. ಬಿಳಿ ಬಣ್ಣ, ಮೇಲೆ ಬಿಸಿಲು ತಾಗದಂತೆ ತಗಡಿನ ಮಾಡು. ಅಪ್ಪ ನೇರವಾಗಿ ಕಾಕಾರ ಬಾಗಿಲಿಗೆ ಹೋಗಿ ನಿಂತ.

"ನಾ ಮಾಡಿದ ಫ್ರೇಮು ಸುಳ್ಳು ಹೇಳ್ತು ಅಂದ್ರ ನನಗ ಊಟ ಸೇರವಲ್ದರೀ" ಅಂದ. "ಒಂದು ಮರಕ್ಕ, ಒಂದು ಕಂಬಕ್ಕ. ಕಂಬದ್ದು ಕಳದ್ರ ಮರದ್ದು ಉಳೀತದ. ಹೌದಿಲ್ರಿ?"

ಕಾಕಾ ಹೊರಗೆ ಬಂದು ಚೌಕಟ್ಟುಗಳ ಹತ್ತಿರ ಕುಕ್ಕರಗಾಲಿನಲ್ಲಿ ಕೂತರು. ಬೆಸುಗೆ ನೋಡಿದರು, ಮೂಲೆ ನೋಡಿದರು. "ಇನ್ನೊಂದು ಗೇಜ್ ಬೇಕಾಗತದ" ಅಂದರು. "ತರತೀನಿ."

ಅವತ್ತು ಅವರು ದೇಹೂ ರೋಡಿಗೆ ಹೋಗಲಿಲ್ಲ. ಇಬ್ಬರೂ ಸೇರಿ ಮಧ್ಯಾಹ್ನದ ತನಕ ಚೌಕಟ್ಟು ಕಟ್ಟಿದರು. ನಾನು ಒಳಗೆ ಕೂತು ನೋಡುತ್ತಿದ್ದೆ. ಕೊನೆಗೆ ಕಾಕಾ ತಲೆ ಎತ್ತದೆ, "ಬರಕೊಳ್ಳೂರು ಯಾರು?" ಅಂದರು. ನಾನು ವಹಿ ತಗೊಂಡು ಹೋದೆ.

ಏಪ್ರಿಲ್ ತಿಂಗಳು ಪೂರ್ತಿ ಅಳೆದೆವು. ಮರದಿಂದ ಕಂಬವನ್ನು ಕಳೆದ ಮೇಲೆ ಉಳಿದದ್ದು ಮೂರು ಗೆರೆ, ಹೆಚ್ಚೆಂದರೆ ಒಂದು ಗೆರೆ ಅತ್ತ ಇತ್ತ. ಒಂಬತ್ತರ ಮುಂದೆ ಅದು ಬಡಕಲು ಅಂಕಿ. ಆದರೆ ಛತ್ರಿ ಹಿಡಿದರೆ ಅದು ಅಲುಗುತ್ತಿರಲಿಲ್ಲ. ನಾನು ಆ ಮೇಡಂಗೆ ಪತ್ರ ಬರೆದೆ. ನನಗೆ ಆಸಕ್ತಿ ಇದೆ ಅಂತಾಗಲಿ, ಇನ್ನೊಂದು ಅವಕಾಶ ಕೊಡಿ ಅಂತಾಗಲಿ ಬರೆಯಲಿಲ್ಲ. ನೀವು ಜನವರಿಯಲ್ಲಿ ಮರ ಎಷ್ಟು ಕುಗ್ಗಿತು ಎಂದು ಕೇಳಿದ್ದಿರಿ, ಈಗ ಹೇಳಬಲ್ಲೆ ಎಂದು ಶುರು ಮಾಡಿ, ಅಂಕಿಗಳನ್ನೂ ಎರಡು ಚೌಕಟ್ಟಿನ ಚಿತ್ರವನ್ನೂ ಇಟ್ಟೆ. ಎಂಟನೆಯ ದಿನ ಉತ್ತರ ಬಂತು. ಪಟ್ಟಿಯಲ್ಲಿ ಸೇರಿಸುವುದು ತಮ್ಮ ಕೈಯಲ್ಲಿಲ್ಲ, ವಿದ್ಯಾರ್ಥಿವೇತನ ಕೊಡಿಸಲಾರೆ. ಶನಿವಾರಗಳಲ್ಲಿ ತಮ್ಮ ಪ್ರಯೋಗಾಲಯಕ್ಕೆ ಬಂದು ಕೆಲಸ ಕಲಿಯಬಹುದು, ಬರುವಾಗ ಚೌಕಟ್ಟು ಮಾಡಿದವರನ್ನೂ ಕರೆದುಕೊಂಡು ಬಾ ಅಂತ ಇತ್ತು. ಅಪ್ಪ ಆ ಪತ್ರವನ್ನು ನನ್ನಿಂದ ಎರಡು ಸಲ ಓದಿಸಿದ. ಬಿ.ಎಸ್ಸಿ.ಗೆ ಹೋಗು ಅಂತ ಅವನು ಬಾಯಿಬಿಟ್ಟು ಹೇಳಲೇ ಇಲ್ಲ. ಟಿ.ವಿ. ಮೇಲಿನ ಡಿಪ್ಲೊಮಾ ಪುಸ್ತಕ ಒಂದು ದಿನ ರದ್ದಿಯವನಿಗೆ ಹೋಗಿತ್ತು.

ಈಗ ನಾನು ಗಿಡಮರಗಳು ನೀರು ಕುಡಿಯುವ ಬಗೆಯ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ, ನಾಲ್ಕನೆಯ ವರ್ಷ. 'ವಿಜ್ಞಾನಿ ಆಗಲು ಏನು ಮಾಡಬೇಕು' ಎಂದು ಶಾಲೆಗಳಲ್ಲಿ ಮಾತಾಡಲು ಕರೆಯುತ್ತಾರೆ. ಯಾವ ಪರೀಕ್ಷೆ, ಯಾವ ಕೋರ್ಸು, ಯಾರಿಗೆ ಬರೆಯಬೇಕು ಎಲ್ಲ ಹೇಳುತ್ತೇನೆ. ಹೇಳುವಾಗೆಲ್ಲ ಇಷ್ಟೇ ಅಲ್ಲ ಅನ್ನಿಸುತ್ತದೆ, ಉಳಿದದ್ದನ್ನು ಹೇಗೆ ಹೇಳಬೇಕೋ ತಿಳಿಯುವುದಿಲ್ಲ.

ಕಾಕಾ ನಿವೃತ್ತರಾದ ಮೇಲೆ ದೇಹೂ ರೋಡಿನಲ್ಲಿ ಅಕ್ಕನ ಮನೆಯಲ್ಲೇ ಇದ್ದರು. ಹೋದ ವರ್ಷ ಅವರ ಕಿಡ್ನಿ ಕೈಕೊಟ್ಟಿತು. ಸುದ್ದಿ ತಿಳಿದು ನೋಡಲು ಹೋದೆ. ಮಂಚದ ಮೇಲೆ ಸೊರಗಿ ಅರ್ಧ ಆಗಿ ಮಲಗಿದ್ದರು. ಆ ಗುರುವಾರ ಆಡಿದ ಮಾತಿಗೆ ಕ್ಷಮೆ ಕೇಳಬೇಕು ಅಂತ ದಾರಿಯಲ್ಲೆಲ್ಲ ಮಾತು ಜೋಡಿಸಿಕೊಂಡು ಹೋಗಿದ್ದೆ. ಅವತ್ತಿನಿಂದ ಎಷ್ಟೋ ಸಲ ಕೂತು ಚಹಾ ಕುಡಿದಿದ್ದೆವು, ಎಷ್ಟೋ ಅಂಕಿಗಳ ಮೇಲೆ ಜಗಳ ಆಡಿದ್ದೆವು, ಆ ಮಾತು ಮಾತ್ರ ಇಬ್ಬರೂ ಎತ್ತಿರಲಿಲ್ಲ.

ನಾನು ಬಾಯಿ ತೆರೆಯುವ ಮೊದಲೇ ಅವರು ಎತ್ತಿದರು. "ನೀ ಆವತ್ತು ಕೇಳಿದ್ದಿ, ನಿಮ್ಮ ಮಗಳಾಗಿದ್ರ ಹೇಳ್ತಿದ್ರೇನು ಅಂತ. ಭಾಳ ವಿಚಾರ ಮಾಡೇನಿ ತಂಗಿ. ಗೊತ್ತಿಲ್ಲ ನನಗ."

ನಾನು ಅವರ ಹೊದಿಕೆ ಸರಿಮಾಡಿದೆ.

"ಛತ್ರಿ ತರಾಕ ಒಳಗ ಹೋದ್ನೆಲ್ಲ, ಛತ್ರಿ ಬಾಗಲದ ಹಿಂದನ ಇತ್ತು. ತಗೊಂಡು ಹತ್ತು ನಿಮಿಷ ಮಂಚದ ಮ್ಯಾಲ ಕೂತೆ. ಶನಿವಾರ ಆಗಿಹೋಗಲಿ, ನೆಗಡಿ ಅದ ಮಲಗಬೇಕು ಅಂತ ಹೇಳಿಬಿಡೂಣು ಅಂತ ಕೂತೆ. ಯಾರಿಗೆ ಗೊತ್ತಾಗ್ತಿತ್ತು?" ಉಸಿರು ಸಾಕಾಗದೆ ತಡೆತಡೆದು ಮಾತಾಡಿದರು. "ಆಮ್ಯಾಲ ಕಿಡಕ್ಯಾಗಿಂದ ನೋಡಿದೆ. ನೀ ಬಿಸಲಾಗ ನಿಂತಿದ್ದಿ. ವಹಿ ತಗದು, ಪೆನ್ ಹಿಡಕೊಂಡು. ನಾ ಏನು ಹೇಳ್ತೀನಿ ಅದನ್ನ ಬರಕೊಳ್ಳಾಕ."

ಅವರ ಅಕ್ಕ ಔಷಧಿ ತಂದರು. ಕುಡಿದು ಮಲಗಿದರು. ನಾನು ಸಂಜೆಯ ಬಸ್ಸು ಹಿಡಿದು ಬಂದೆ, ಮುಂದಿನ ವಾರ ಬರುತ್ತೇನೆ ಅಂತ ಹೇಳಿ. ಮುಂದಿನ ವಾರಕ್ಕೆ ಅವರಿರಲಿಲ್ಲ. ಕ್ಷಮೆ ಕೇಳುವುದು ಹಾಗೇ ಉಳಿಯಿತು.